ನೌಕರಿ ಬಿಟ್ಟು ಒಳಾಂಗಣ ವಿನ್ಯಾಸಕ್ಕೆ: ರಾಜೀನಾಮೆ ಬರೆಯುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಹೊಸ ಮನೆಯ ಆಶೀರ್ವಾದಕ್ಕೆ ಹೋದಾಗ ಗುರುಗಳಿಗೆ ಎಲ್ಲ ಕೋಣೆಗಳ ಬಾಗಿಲೂ ತೆರೆಯುತ್ತದೆ. ಚಾವಡಿಯಿಂದ ಅಡುಗೆಮನೆಯವರೆಗೆ, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ತೀರ್ಥ ಚಿಮುಕಿಸುತ್ತಾ ನಡೆಯುವಾಗ ಬೇಡವೆಂದರೂ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಟಿ.ವಿ.ಯ ಗೋಡೆಗೆ ಬಣ್ಣಬಣ್ಣದ ದೀಪಗಳಿರುತ್ತವೆ. ಆದರೆ ಸಂಜೆಯ ತೇರ್ಸ್ ಪ್ರಾರ್ಥನೆಗೆ ಮನೆಮಂದಿ ಒಟ್ಟಿಗೆ ಮೊಣಕಾಲೂರಲು ಆಲ್ತಾರಿನ ಮುಂದೆ ಜಾಗವಿರುವುದಿಲ್ಲ. ಬಚ್ಚಲಿಗೆ ದುಬಾರಿ ಟೈಲ್ಸ್ ಹಾಕಿರುತ್ತಾರೆ. ಅಜ್ಜಿ ಹಿಡಿದುಕೊಳ್ಳಲು ಒಂದು ಸರಳು ಮಾತ್ರ ಇರುವುದಿಲ್ಲ.

ಇಂತಹ ಒಂದು ಆಶೀರ್ವಾದದ ನಂತರ, ಕಾಫಿ ಕೊಡುತ್ತಾ ಮನೆಯೊಡತಿ ಕೇಳಿದರು: "ಫಾದರ್, ಈ ಮನೆಯ ಒಳಗಿನದ್ದೆಲ್ಲ ನಾನೇ ಯೋಚಿಸಿ ಮಾಡಿಸಿದ್ದು. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಹದಿನಾಲ್ಕು ವರ್ಷದಿಂದ ಬ್ಯಾಂಕಿನಲ್ಲಿ ದುಡಿಯುತ್ತಿದ್ದೇನೆ, ಸಾಕಾಗಿದೆ. ಕೆಲಸ ಬಿಟ್ಟು ಇಂಟೀರಿಯರ್ ಡಿಸೈನರ್ ಆದರೆ ಹೇಗೆ?" ಅವರ ಯಜಮಾನರು ಮಾತಾಡಲಿಲ್ಲ, ಕಿಟಕಿಯ ಕಡೆ ನೋಡುತ್ತಾ ಕುಳಿತಿದ್ದರು. ಮನೆ ಸಾಲದ ಕಂತು ಇನ್ನೂ ಹನ್ನೊಂದು ವರ್ಷ ಬಾಕಿಯಿದೆ ಎಂಬುದು ಆಮೇಲೆ ತಿಳಿಯಿತು.

ಈ ಪ್ರಶ್ನೆ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಹಲವರ ಬಾಯಲ್ಲಿದೆ. ಗಲ್ಫ್ ನೌಕರಿ ಮುಗಿಸಿ ಮರಳಿದವರು, ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಮಾಡಬೇಕೆಂದಿರುವ ತಾಯಂದಿರು, ಕಂಪ್ಯೂಟರಿನ ಮುಂದೆ ಕುಳಿತು ದಣಿದ ಯುವಕರು ಇದನ್ನು ಕೇಳುತ್ತಾರೆ. "ಒಳ್ಳೆಯದು, ಮಾಡಿ" ಎಂದುಬಿಡುವುದು ಸುಲಭ. "ಇದ್ದ ಕೆಲಸ ಬಿಡಬೇಡಿ" ಎನ್ನುವುದು ಇನ್ನೂ ಸುಲಭ. ಎರಡೂ ಪೂರ್ಣ ಉತ್ತರವಲ್ಲ. ಆದ್ದರಿಂದ ಈ ವೃತ್ತಿ ಎಂಥದ್ದು, ಏನನ್ನು ಬೇಡುತ್ತದೆ, ಯಾವ ಹಂತದಲ್ಲಿ ಹೆಜ್ಜೆ ಇಡಬಹುದು ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ಅಲಂಕಾರ ಬೇರೆ, ವಿನ್ಯಾಸ ಬೇರೆ

ಪರದೆ, ಬಣ್ಣ, ಸೋಫಾ, ಗೋಡೆಯ ಚಿತ್ರ ಇವುಗಳ ಆಯ್ಕೆ ಅಲಂಕಾರ. ಒಳಾಂಗಣ ವಿನ್ಯಾಸ ಅದಕ್ಕಿಂತ ಮೊದಲೇ ಆರಂಭವಾಗುತ್ತದೆ. ಈ ಮನೆಯಲ್ಲಿ ಯಾರಿದ್ದಾರೆ, ಬೆಳಿಗ್ಗೆ ಐದಕ್ಕೆ ಏಳುವವರು ಯಾರು, ಮೀನು ತೊಳೆಯುವುದು ಎಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಗುವುದು ಎಲ್ಲಿ, ಮಗಳ ರೋಸ್ ಕಾರ್ಯಕ್ರಮಕ್ಕೆ ನೆಂಟರು ಸೇರಿದರೆ ಕೂರುವುದು ಎಲ್ಲಿ ಎಂದು ಕೇಳುವುದೇ ಅದರ ಮೊದಲ ಪಾಠ. ಆಮೇಲೆ ಅಳತೆ, ನಕ್ಷೆ, ವಿದ್ಯುತ್ ಮತ್ತು ನೀರಿನ ದಾರಿ, ಸಾಮಗ್ರಿ, ಖರ್ಚಿನ ಅಂದಾಜು, ಕೆಲಸಗಾರರ ಮೇಲುಸ್ತುವಾರಿ. ಬಣ್ಣದ ಮಾತು ಬರುವುದು ಬಹುತೇಕ ಕೊನೆಯಲ್ಲಿ.

ಅಭಿರುಚಿ ಇದ್ದರೆ ಸಾಕು ಎಂದು ನಂಬಿ ಬಂದವರು ಮೊದಲು ಎಡವುವುದು ಇಲ್ಲೇ. ತನ್ನ ಮನೆಯನ್ನು ಚೆನ್ನಾಗಿ ಮಾಡಿಕೊಳ್ಳುವುದು ಒಂದು, ಇನ್ನೊಬ್ಬರ ಹಣದಲ್ಲಿ ಇನ್ನೊಬ್ಬರ ಬದುಕಿಗೆ ಒಪ್ಪುವ ಮನೆ ಮಾಡಿಕೊಡುವುದು ಮತ್ತೊಂದು. ನಮ್ಮ ಮನೆಯಲ್ಲಿ ತಪ್ಪಾದರೆ ನಾವೇ ಸಹಿಸಿಕೊಳ್ಳುತ್ತೇವೆ. ಬೇರೆಯವರ ಮನೆಯಲ್ಲಿ ತಪ್ಪಾದರೆ ಅವರು ವರ್ಷಗಟ್ಟಲೆ ಸಹಿಸಬೇಕಾಗುತ್ತದೆ.

ಬೇರೆ ವೃತ್ತಿಯಿಂದ ಬಂದವರು

ಹಾಗೆಂದು ಬೇರೆ ಕೆಲಸದಿಂದ ಬರುವವರಿಗೆ ಇಲ್ಲಿ ಸ್ಥಾನವಿಲ್ಲ ಎಂದಲ್ಲ. ಈ ವೃತ್ತಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರೇ ಹಾಗೆ ಬಂದವರು. ಅಮೆರಿಕದ ಎಲ್ಸಿ ಡಿ ವೂಲ್ಫ್ ಮೊದಲಿಗೆ ನಾಟಕದ ನಟಿ. 1890ರ ದಶಕದಲ್ಲಿ ನ್ಯೂಯಾರ್ಕಿನ ರಂಗಭೂಮಿಯಲ್ಲಿ ಹೆಸರಾದವರು. ಅವರ ಅಭಿನಯಕ್ಕಿಂತ ವೇದಿಕೆಯ ಮೇಲೆ ಅವರು ಧರಿಸುತ್ತಿದ್ದ ಉಡುಪಿನ ಬಗ್ಗೆಯೇ ಜನ ಹೆಚ್ಚು ಮಾತಾಡುತ್ತಿದ್ದರಂತೆ. ಆ ದಶಕದ ಕೊನೆಯಲ್ಲಿ ತಾವು ವಾಸವಾಗಿದ್ದ ಮನೆಯನ್ನು ಅವರು ಬದಲಾಯಿಸಿದರು. ಕತ್ತಲು ಕತ್ತಲಾಗಿದ್ದ ಭಾರದ ಪೀಠೋಪಕರಣ, ದಪ್ಪ ಪರದೆಗಳನ್ನು ತೆಗೆದು ಬೆಳಕಿಗೆ, ತಿಳಿಬಣ್ಣಕ್ಕೆ ಜಾಗ ಮಾಡಿಕೊಟ್ಟರು. ಬಂದುಹೋಗುವವರು ಅದನ್ನು ಕಂಡರು. 1905ರಲ್ಲಿ ರಂಗಭೂಮಿ ಬಿಟ್ಟ ಮೇಲೆ ನ್ಯೂಯಾರ್ಕಿನ ಮಹಿಳೆಯರ 'ಕಾಲನಿ ಕ್ಲಬ್'ನ ಒಳಾಂಗಣದ ಕೆಲಸ ಅವರಿಗೆ ದೊರೆಯಿತು. 1907ರಲ್ಲಿ ಕ್ಲಬ್ ತೆರೆದಾಗ ಅವರ ಹೆಸರು ನೆಲೆಗೊಂಡಿತು. ಆಗ ಅವರಿಗೆ ನಲವತ್ತು ದಾಟಿತ್ತು.

ನಮ್ಮ ದೇಶದಲ್ಲೂ ಉದಾಹರಣೆಗಳಿವೆ. 1990ರ ದಶಕದ ಹಿಂದಿ ಚಿತ್ರನಟಿ ಟ್ವಿಂಕಲ್ ಖನ್ನಾ ಸಿನಿಮಾ ಬಿಟ್ಟು, 2002ರಲ್ಲಿ ಮುಂಬೈಯಲ್ಲಿ 'ದಿ ವೈಟ್ ವಿಂಡೋ' ಎಂಬ ಒಳಾಂಗಣ ಅಲಂಕಾರದ ಮಳಿಗೆ ತೆರೆದು ಈ ಕ್ಷೇತ್ರಕ್ಕೆ ಬಂದರು.

ಇವರ ಪರಿಚಯ, ಪ್ರಭಾವ ನಮಗಿಲ್ಲ ನಿಜ. ಆದರೆ ಡಿ ವೂಲ್ಫ್ ಅವರ ಕಥೆಯಲ್ಲಿ ಸಾಮಾನ್ಯರೂ ಗಮನಿಸಬೇಕಾದ ಒಂದು ಅಂಶವಿದೆ. ಅವರು ಮೊದಲು ರಂಗಭೂಮಿ ಬಿಟ್ಟು ಆಮೇಲೆ ಕಲಿಯಲಿಲ್ಲ. ರಂಗಭೂಮಿಯಲ್ಲಿ ಇದ್ದಾಗಲೇ ಒಂದು ಮನೆಯನ್ನು ಮಾಡಿ ತೋರಿಸಿದ್ದರು.

ಹಳೆಯ ಕೆಲಸವೇ ಮೊದಲ ಬಂಡವಾಳ

ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರು ಸಾಮಾನ್ಯವಾಗಿ "ಇಷ್ಟು ವರ್ಷ ವ್ಯರ್ಥವಾಯಿತು" ಎನ್ನುತ್ತಾರೆ. ಇದು ಸರಿಯಲ್ಲ. ಬ್ಯಾಂಕಿನಲ್ಲಿದ್ದವರಿಗೆ ಲೆಕ್ಕ ಬರುತ್ತದೆ, ಯಾವ ಹಂತದಲ್ಲಿ ಎಷ್ಟು ಹಣ ಬಿಡುಗಡೆ ಮಾಡಬೇಕೆಂಬುದು ಗೊತ್ತಿರುತ್ತದೆ. ಬಹಳಷ್ಟು ಕಲಾವಿದ ಮನಸ್ಸಿನ ವಿನ್ಯಾಸಕರು ಸೋಲುವುದು ಈ ಲೆಕ್ಕದಲ್ಲೇ. ನರ್ಸ್ ಆಗಿದ್ದವರಿಗೆ ರೋಗಿ ಹಾಸಿಗೆಯಿಂದ ಏಳುವುದು ಹೇಗೆ, ಬಚ್ಚಲಿನಲ್ಲಿ ಜಾರುವುದು ಎಲ್ಲಿ ಎಂಬುದು ಪುಸ್ತಕ ಓದದೆಯೇ ತಿಳಿದಿರುತ್ತದೆ. ಮಕ್ಕಳು ಹೊರದೇಶದಲ್ಲಿದ್ದು ವೃದ್ಧ ತಂದೆತಾಯಿ ಮಾತ್ರ ಉಳಿದಿರುವ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ! ಆ ಮನೆಗಳಿಗೆ ಬೇಕಾದ ವಿನ್ಯಾಸ ಇವರಿಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು?

ಗಲ್ಫ್‌ನಲ್ಲಿ ಕಟ್ಟಡದ ಕೆಲಸದ ಮೇಲ್ವಿಚಾರಕರಾಗಿದ್ದವರಿಗೆ ನಕ್ಷೆ ಓದಲು, ಕೆಲಸಗಾರರನ್ನು ಒಗ್ಗೂಡಿಸಲು ಬರುತ್ತದೆ. ಹಡಗು, ಹೋಟೆಲುಗಳಲ್ಲಿ ದುಡಿದವರಿಗೆ ಚಿಕ್ಕ ಜಾಗದಲ್ಲಿ ಹೆಚ್ಚು ವಸ್ತು ಇಡುವುದು, ಸುಲಭವಾಗಿ ಶುಚಿಯಾಗುವ ಕೋಣೆ ಹೇಗಿರಬೇಕು ಎಂಬುದು ರೂಢಿ. ಇಪ್ಪತ್ತು ವರ್ಷ ಅಡುಗೆಮನೆ ನಡೆಸಿದ ಗೃಹಿಣಿಗೆ ಒಲೆ, ಸಿಂಕ್, ಫ್ರಿಜ್ ಮೂರರ ನಡುವೆ ದಿನಕ್ಕೆ ಎಷ್ಟು ಹೆಜ್ಜೆ ಸವೆಯುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದ ಹೊಸಬರು ಮೊದಲು ಕೇಳಿಕೊಳ್ಳಬೇಕಾದದ್ದು "ನನಗೆ ಏನು ಇಷ್ಟ" ಎಂದಲ್ಲ, "ನನಗೆ ಈಗಾಗಲೇ ಏನು ಗೊತ್ತು" ಎಂದು.

ಅಳತೆ ಕೈಗೆ ಹತ್ತಬೇಕು

ಗೊತ್ತಿರುವುದು ಇಷ್ಟಾದರೆ, ಕಲಿಯಬೇಕಾದದ್ದರಲ್ಲಿ ಮೊದಲನೆಯದು ಅಳತೆ. ಅಡುಗೆಕಟ್ಟೆಯ ಎತ್ತರ ಸಾಮಾನ್ಯವಾಗಿ 32ರಿಂದ 36 ಇಂಚು, ಅಗಲ 24 ಇಂಚು. ಅಡುಗೆ ಮಾಡುವವರ ಎತ್ತರ ನೋಡಿ ಇದನ್ನು ನಿರ್ಧರಿಸಬೇಕು. ತಪ್ಪಿದರೆ ಬೆನ್ನುನೋವು ಖಚಿತ. ಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ ಸುಮಾರು 2 ಅಡಿ ಬಿಡುತ್ತಾರೆ. ಬಟ್ಟೆಯ ಕಪಾಟಿನ ಆಳ 2 ಅಡಿ, ಅದಕ್ಕಿಂತ ಕಡಿಮೆಯಾದರೆ ತೂಗುಹಾಕಿದ ಅಂಗಿಯ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಗಾಲಿಕುರ್ಚಿಯ ಅಗಲ 25-26 ಇಂಚು. ಅದು ಸಲೀಸಾಗಿ ಒಳಹೋಗಬೇಕಾದರೆ ಬಾಗಿಲಿನ ತೆರವು 32 ಇಂಚಾದರೂ ಇರಬೇಕು. ನಮ್ಮ ಎಷ್ಟೋ ಬಚ್ಚಲುಗಳ ಬಾಗಿಲು ಚೌಕಟ್ಟು ಸೇರಿ ಎರಡೂವರೆ ಅಡಿ. ಅಜ್ಜ ಬಿದ್ದು ಸೊಂಟ ಮುರಿದುಕೊಂಡ ದಿನ ಮನೆಯವರಿಗೆ ಈ ಎರಡು ಇಂಚಿನ ಬೆಲೆ ತಿಳಿಯುತ್ತದೆ.

ಅಳತೆಯ ಜೊತೆಗೇ ಲೆಕ್ಕ. ಒಂದು ಸಣ್ಣ ಉದಾಹರಣೆ ನೋಡೋಣ. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳದ ಕಪಾಟು. ಎರಡು ಬದಿ, ನಡುವೆ ಒಂದು ಉದ್ದನೆಯ ಹಲಗೆ, ಮೇಲೆ ಕೆಳಗೆ ಒಂದೊಂದು, 3 ಅಡಿಯ ಮೂರು ಅಡ್ಡಹಲಗೆ, ಒಂದೂವರೆ ಅಡಿಯ ನಾಲ್ಕು ಬಾಗಿಲು. ಎಲ್ಲ ಕೂಡಿಸಿದರೆ 126 ಚದರ ಅಡಿ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ, ಅಂದರೆ 32 ಚದರ ಅಡಿ. ಭಾಗಿಸಿದರೆ ನಾಲ್ಕು ಹಾಳೆ ಸಾಕು, ಸ್ವಲ್ಪ ಉಳಿಯಲೂಬೇಕು. ಆದರೆ ಆಚಾರಿಯ ಗರಗಸಕ್ಕೆ ಈ ಭಾಗಾಕಾರ ಗೊತ್ತಿಲ್ಲ. 7 ಅಡಿಯ ಬಾಗಿಲುಗಳನ್ನು ಒಂದು ಹಾಳೆಯಲ್ಲಿ ಎರಡು ಮಾತ್ರ ಕೊಯ್ಯಲು ಸಾಧ್ಯ, ಬದಿಯ ಹಲಗೆಗಳೂ ಎರಡೇ. ಉಳಿದ ತುಂಡುಗಳನ್ನು ಹೇಗೆ ಹೊಂದಿಸಿದರೂ ಐದನೆಯ ಹಾಳೆ ಬೇಕೇ ಬೇಕು. ಹಿಂಬದಿಯ ತೆಳು ಹಲಗೆ, ಮೇಲಿನ ಲ್ಯಾಮಿನೇಟ್, ಕೀಲು, ಹಿಡಿಕೆ, ಅಂಟು, ಕೂಲಿ ಬೇರೆ. ಕಾಗದದ ಮೇಲಿನ ನಾಲ್ಕನ್ನೇ ನಂಬಿ ದರ ಹೇಳಿದ ಹೊಸಬರು ಐದನೆಯ ಹಾಳೆಗೆ ತಮ್ಮ ಜೇಬಿನಿಂದ ಕೊಡುತ್ತಾರೆ, ಇಲ್ಲವೇ ಗಿರಾಕಿಗೆ ಕಾಣದಂತೆ ಅಗ್ಗದ ಹಾಳೆ ಹಾಕಿಸುತ್ತಾರೆ. ಅಪ್ರಾಮಾಣಿಕತೆ ಎಷ್ಟೋ ಸಲ ದುರುದ್ದೇಶದಿಂದಲ್ಲ, ಇಂತಹ ತಪ್ಪು ಲೆಕ್ಕದಿಂದಲೇ ಶುರುವಾಗುತ್ತದೆ.

ಕರಾವಳಿಯ ಮಳೆ, ಉಪ್ಪುಗಾಳಿ

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಣ ಊರುಗಳಿಗೆಂದು ತಯಾರಾದ ಚಿತ್ರಗಳನ್ನು ನೋಡಿ ಇಲ್ಲಿ ಕೆಲಸ ಮಾಡಿಸಿದರೆ ಎರಡನೆಯ ಮಳೆಗಾಲಕ್ಕೇ ಗುಟ್ಟು ರಟ್ಟಾಗುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಗಳ ಅಂಚಿಗೆ ನೀರು ಸೋಕಿದರೆ ಊದಿಕೊಳ್ಳುತ್ತವೆ. ಸಿಂಕಿನ ಕೆಳಗೆ, ಬಚ್ಚಲಿನ ಗೋಡೆಗೆ ತಾಗಿ ಅವು ಸಲ್ಲದು. ಪ್ಲೈವುಡ್ಡಿನಲ್ಲೂ ದರ್ಜೆಗಳಿವೆ. ಹಾಳೆಯ ಮೇಲೆ ಐಎಸ್ 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯದ್ದು, ಐಎಸ್ 710 ಎಂದಿದ್ದರೆ ನೀರಿಗೆ ಹೆಚ್ಚು ತಡೆಯುವ ಮರೈನ್ ಪ್ಲೈವುಡ್. ಈ ಗುರುತನ್ನು ಓದಲು ಬಾರದವರು ಅಂಗಡಿಯವನ ಮಾತನ್ನೇ ನಂಬಬೇಕಾಗುತ್ತದೆ.

ಸಮುದ್ರದ ಗಾಳಿಯ ಉಪ್ಪು ಸಾಮಾನ್ಯ ಕಬ್ಬಿಣದ ಕೀಲುಗಳನ್ನು ಬೇಗನೆ ತುಕ್ಕು ಹಿಡಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲೂ 304ಕ್ಕಿಂತ 316 ದರ್ಜೆ ಉಪ್ಪಿಗೆ ಹೆಚ್ಚು ತಡೆಯುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಕಪಾಟನ್ನು ಅಂಟಿಸಿ ನಿಲ್ಲಿಸಿದರೆ ಒಳಗಿನ ಬಟ್ಟೆಗೆ ಬೂಸ್ಟು ಬರುತ್ತದೆ, ಹಿಂದೆ ಸ್ವಲ್ಪ ಗಾಳಿಯಾಡಲು ಬಿಡಬೇಕು. ನೆಲಕ್ಕೆ ತಾಗುವ ಮರಕ್ಕೆ ಗೆದ್ದಲಿನ ಕಾಟ ಇದ್ದದ್ದೇ.

ಹಳೆಯ ಹೆಂಚಿನ ಮನೆಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಮಾಡುಗಳು ನಮ್ಮ ಊರಿನ ಗುರುತೇ ಆದವು. ಹೆಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಚಂದಕ್ಕೆಂದು ಅದರ ಕೆಳಗೆ ಜಿಪ್ಸಮ್ ಹಲಗೆಯ ಒಳಮಾಡು ಕಟ್ಟಿಸಿದರೆ ಗಾಳಿಯ ದಾರಿ ಮುಚ್ಚುತ್ತದೆ. ಒಂದು ಹೆಂಚು ಒಡೆದರೂ ಸೋರಿದ ನೀರು ಹಲಗೆಯ ಮೇಲೆ ನಿಂತು ಕಲೆಯಾಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲಿ, ಹೇಗೆ ಕಲಿಯುವುದು?

ಎಳೆಯರಿಗೆ ದಾರಿಗಳು ಹಲವು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ), ಅದೇ ಊರಿನಲ್ಲಿ 1991ರಿಂದ ಒಳಾಂಗಣ ವಿನ್ಯಾಸವನ್ನು ಕಲಿಸುತ್ತಿರುವ ಸೆಪ್ಟ್ ಸಂಸ್ಥೆ ದೇಶದಲ್ಲೇ ಹೆಸರಾದವು. ಪಿಯುಸಿ ನಂತರ ಮೂರು-ನಾಲ್ಕು ವರ್ಷಗಳ ಪದವಿ, ಪಾಲಿಟೆಕ್ನಿಕ್ ಮಟ್ಟದ ಡಿಪ್ಲೊಮಾ ಕೋರ್ಸುಗಳೂ ಇವೆ.

ಆದರೆ ಮನೆ, ಮಕ್ಕಳು, ಸಾಲ ಇರುವವರು ನಾಲ್ಕು ವರ್ಷ ಕಾಲೇಜಿಗೆ ಹೋಗಲಾರರು. ಅವರಿಗೆ ಒಂದು ವರ್ಷದ ಡಿಪ್ಲೊಮಾ, ಸಂಜೆಯ ತರಗತಿ ಅಥವಾ ಅಂತರ್ಜಾಲದ ಪಾಠ ಅನುಕೂಲ. ಸೇರುವ ಮುನ್ನ ಕೆಲವು ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ಪ್ರಮಾಣಪತ್ರ ಕೊಡುವವರು ಯಾರು? ವಿಶ್ವವಿದ್ಯಾಲಯವೋ, ತಾಂತ್ರಿಕ ಶಿಕ್ಷಣ ಮಂಡಳಿಯೋ, ಅಥವಾ ಆ ಸಂಸ್ಥೆಯೇ ಮುದ್ರಿಸಿದ ಕಾಗದವೋ? ಆಟೊಕ್ಯಾಡ್, ಸ್ಕೆಚ್‌ಅಪ್ ತಂತ್ರಾಂಶಗಳ ಜೊತೆಗೆ ಕೈಯಲ್ಲಿ ನಕ್ಷೆ ಬಿಡಿಸಲು ಕಲಿಸುತ್ತಾರೆಯೇ? ಕೆಲಸ ನಡೆಯುವ ಜಾಗಕ್ಕೆ ಕರೆದೊಯ್ಯುತ್ತಾರೆಯೇ? ಕಳೆದ ವರ್ಷ ಕಲಿತವರಲ್ಲಿ ಇಬ್ಬರೊಡನೆ ಮಾತಾಡಲು ಬಿಡುತ್ತಾರೆಯೇ? ಕೊನೆಯ ಪ್ರಶ್ನೆಗೆ ನುಣುಚಿಕೊಳ್ಳುವ ಸಂಸ್ಥೆಗೆ ಶುಲ್ಕ ಕಟ್ಟಬೇಡಿ.

ಕೋರ್ಸ್ ಕಲಿಸದ ಒಂದು ಪಾಠವಿದೆ. ಅದನ್ನು ಕಲಿಸುವವರು ಆಚಾರಿ, ಗಾರೆಯವರು, ಎಲೆಕ್ಟ್ರಿಶಿಯನ್, ಪ್ಲಂಬರ್. ರಜಾದಿನಗಳಲ್ಲಿ ಅನುಭವಿ ವಿನ್ಯಾಸಕರೊಬ್ಬರ ಕೆಲಸದ ಜಾಗದಲ್ಲಿ ಆರು ತಿಂಗಳು ನಿಂತು ನೋಡಿದವರಿಗೆ, ತರಗತಿಯಲ್ಲಷ್ಟೇ ಕುಳಿತವರಿಗಿಂತ ಬೇಗ ಕೆಲಸ ಹತ್ತುತ್ತದೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು ಆಚಾರಿಯ ಬಳಿ "ಇದು ಯಾಕೆ ಹೀಗೆ?" ಎಂದು ಕೇಳಲು ಮನಸ್ಸು ಮಾಡಬೇಕು. ವೃತ್ತಿ ಬದಲಾವಣೆಯಲ್ಲಿ ಬಹುಶಃ ಇದೇ ಕಷ್ಟದ ಭಾಗ.

ಕಾನೂನು, ತೆರಿಗೆ

ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ನೋಂದಾಯಿತರಲ್ಲದವರು ತಮ್ಮನ್ನು 'ಆರ್ಕಿಟೆಕ್ಟ್' ಎಂದು ಕರೆದುಕೊಂಡು ವೃತ್ತಿ ನಡೆಸುವಂತಿಲ್ಲ. 'ಇಂಟೀರಿಯರ್ ಡಿಸೈನರ್' ಎಂಬ ಹೆಸರಿಗೆ ಅಂತಹ ಕಾನೂನಿನ ರಕ್ಷಣೆ ಇಲ್ಲ. 1972ರಲ್ಲೇ ಹುಟ್ಟಿದ ಭಾರತೀಯ ಒಳಾಂಗಣ ವಿನ್ಯಾಸಕರ ಸಂಸ್ಥೆ (ಐಐಐಡಿ) ಒಂದು ವೃತ್ತಿಪರ ಸಂಘ, ಪರವಾನಗಿ ಕೊಡುವ ಮಂಡಳಿಯಲ್ಲ. ಹಾಗಾಗಿ ಯಾರು ಬೇಕಾದರೂ ಫಲಕ ಹಾಕಬಹುದು. ಹೊಸಬರಿಗೆ ಇದು ತೆರೆದ ಬಾಗಿಲು. ಗಿರಾಕಿಗೆ ಇದೇ ಅಪಾಯ. ಒಂದು ಮಾತು ನೆನಪಿರಲಿ: ಗೋಡೆ ಒಡೆಯುವುದು, ಕಂಬ-ತೊಲೆ ಮುಟ್ಟುವುದು ವಿನ್ಯಾಸಕರ ಕೆಲಸವಲ್ಲ. ಅದಕ್ಕೆ ಎಂಜಿನಿಯರರ ಅಭಿಪ್ರಾಯ ಲಿಖಿತವಾಗಿ ಬೇಕು.

ಆದಾಯ ತೆರಿಗೆಯ ಕಾನೂನು ಒಳಾಂಗಣ ಅಲಂಕಾರವನ್ನು ವಕೀಲಿ, ವೈದ್ಯಕೀಯಗಳ ಸಾಲಿನಲ್ಲೇ ವೃತ್ತಿಯೆಂದು ಗುರುತಿಸುತ್ತದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇಲ್ಲಿ ಹೊಸಬರು ಮರೆಯುವ ಒಂದು ವಿಷಯ: ಸಾಮಗ್ರಿ, ಕೂಲಿ ಎಲ್ಲವನ್ನೂ ನಿಮ್ಮ ಹೆಸರಿನ ಬಿಲ್ಲಿನಲ್ಲೇ ಸೇರಿಸಿದರೆ ಮೂರು ಮನೆಗಳಿಗೇ ಆ ಮಿತಿ ದಾಟಬಹುದು, ನಿಮ್ಮ ಕೈಗೆ ಉಳಿದದ್ದು ಅಲ್ಪವಾದರೂ ಸಹ. ಸಣ್ಣ ಉದ್ಯಮಗಳಿಗೆ 2020ರ ಜುಲೈಯಿಂದ ಜಾರಿಗೆ ಬಂದ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಆರಂಭದಲ್ಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಂಡು ಮಾತಾಡುವುದು ಲೇಸು.

ನಂಬಿಕೆಯೇ ಅಸ್ತಿವಾರ

ಈ ವೃತ್ತಿಯಲ್ಲಿ ಸಂಪಾದನೆ ಎರಡು ಬಗೆ. ಒಂದು, ಗಿರಾಕಿಗೆ ತಿಳಿಸಿ ಪಡೆಯುವ ಶುಲ್ಕ. ಅದು ಚದರ ಅಡಿಯ ಲೆಕ್ಕದಲ್ಲಿರಬಹುದು, ಒಟ್ಟು ಖರ್ಚಿನ ಶೇಕಡಾವಾರು ಇರಬಹುದು. ಇನ್ನೊಂದು, ಗಿರಾಕಿಗೆ ತಿಳಿಸದೆ ಟೈಲ್ಸ್, ಪ್ಲೈವುಡ್, ದೀಪದ ಅಂಗಡಿಗಳಿಂದ ಪಡೆಯುವ ಕಮಿಷನ್. "ಎಲ್ಲರೂ ತೆಗೆದುಕೊಳ್ಳುತ್ತಾರೆ ಫಾದರ್" ಎಂದು ಹೇಳುವವರಿದ್ದಾರೆ. ಆದರೆ ಆ ಹಣ ಕೊನೆಗೆ ಬರುವುದು ಗಿರಾಕಿಯ ಬಿಲ್ಲಿನಿಂದಲೇ. ಮರುಭೂಮಿಯ ಬಿಸಿಲಿನಲ್ಲಿ ದುಡಿದು ಕಳುಹಿಸಿದ ಹಣ ಅದು, ಅಥವಾ ನಿವೃತ್ತ ಶಿಕ್ಷಕಿಯ ಗ್ರಾಚ್ಯುಟಿ. ಸಾಮಗ್ರಿಯ ಬಿಲ್ಲು ನೇರವಾಗಿ ಗಿರಾಕಿಯ ಹೆಸರಿಗೇ ಬರಲಿ, ರಿಯಾಯಿತಿ ಅವರಿಗೇ ಸಿಗಲಿ, ನಿಮ್ಮ ಶುಲ್ಕವನ್ನು ನೀವು ಧೈರ್ಯವಾಗಿ ಕೇಳಿ. ಆರಂಭದಲ್ಲಿ ಇದು ನಷ್ಟದ ದಾರಿಯಂತೆ ಕಾಣುತ್ತದೆ. ಆದರೆ ನಮ್ಮಂತಹ ಊರುಗಳಲ್ಲಿ ಮುಂದಿನ ಕೆಲಸ ಬರುವುದು ಜಾಹೀರಾತಿನಿಂದಲ್ಲ, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಡೆಯುವ ಮಾತಿನಿಂದ.

ಒಪ್ಪಂದ ಬರಹದಲ್ಲಿರಲಿ, ನೆಂಟರ ಮನೆಯಾದರೂ ಸರಿ. ಏನು ಮಾಡಿಕೊಡುತ್ತೀರಿ, ಯಾವ ದರ್ಜೆಯ ಸಾಮಗ್ರಿ, ಎಷ್ಟು ದಿನ, ಯಾವ ಹಂತಕ್ಕೆ ಎಷ್ಟು ಹಣ, ಮಧ್ಯದಲ್ಲಿ ಬದಲಾವಣೆ ಕೇಳಿದರೆ ಖರ್ಚು ಯಾರದ್ದು ಎಂಬುದು ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಒಂದು ಮನೆಯ ಮುಂಗಡವನ್ನು ಇನ್ನೊಂದು ಮನೆಯ ಸಾಲಕ್ಕೆ ತಿರುಗಿಸಬೇಡಿ. ಹಲವರು ಹೆಸರು ಕೆಡಿಸಿಕೊಂಡದ್ದು ಹೀಗೆಯೇ. ಕೆಲಸಗಾರರ ಕೂಲಿ ಶನಿವಾರ ಸಂಜೆಗೆ ಸಲ್ಲಲಿ. ಗಿರಾಕಿ ಹಣ ಕೊಡಲಿಲ್ಲ ಎಂಬ ಕಾರಣ ಬಡಗಿಯ ಮನೆಯ ಒಲೆಗೆ ತಿಳಿಯದು.

ಹಾಗಾದರೆ ಯಾವಾಗ ಬಿಡುವುದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಹೊಂದುತ್ತದೆ. ಮೊದಲನೆಯ ವರ್ಷ ಕೆಲಸದಲ್ಲಿ ಇದ್ದುಕೊಂಡೇ ಕಲಿಯಿರಿ. ಬಳಿಕ ಒಂದೇ ಒಂದು ಕೋಣೆಯ ಕೆಲಸ ವಹಿಸಿಕೊಳ್ಳಿ, ನಿಮ್ಮ ಮನೆಯದ್ದಲ್ಲ, ಬೇರೆಯವರದ್ದು. ಅಂದಾಜಿನ ಖರ್ಚು ಎಷ್ಟಿತ್ತು, ಆದದ್ದು ಎಷ್ಟು, ಹೇಳಿದ ದಿನ ಯಾವುದು, ಮುಗಿದ ದಿನ ಯಾವುದು ಎಂದು ಬರೆದಿಡಿ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ ಆ ಕೋಣೆಯನ್ನು ನೋಡಿ. ಬಾಗಿಲುಗಳು ಸರಿಯಾಗಿ ಮುಚ್ಚುತ್ತಿವೆಯೇ? ಮನೆಯವರು ಅದನ್ನು ನೀವು ಯೋಚಿಸಿದಂತೆ ಬಳಸುತ್ತಿದ್ದಾರೆಯೇ? ನಿಮ್ಮ ನಿಜವಾದ ಪರೀಕ್ಷೆಯ ಫಲಿತಾಂಶ ಅದು.

ಅಂತಹ ಎರಡು ಮೂರು ಕೆಲಸಗಳಾಗಿ, ಕೇಳದೆಯೇ ಮತ್ತೊಂದು ಮನೆಯವರು ನಿಮ್ಮನ್ನು ಹುಡುಕಿಕೊಂಡು ಬಂದಿದ್ದರೆ, ಕನಿಷ್ಠ ಒಂದು ವರ್ಷದ ಮನೆಖರ್ಚು ಮತ್ತು ಸಾಲದ ಕಂತು ಪ್ರತ್ಯೇಕವಾಗಿ ಕೂಡಿಟ್ಟಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಮನೆಯವರ ಒಪ್ಪಿಗೆಯಿದ್ದರೆ, ಆಗ ರಾಜೀನಾಮೆಯ ಮಾತು. ವೃತ್ತಿ ಬದಲಿಸುವವರು ಒಬ್ಬರೇ ಆದರೂ ಅದರ ಬಿಸಿ ತಟ್ಟುವುದು ಇಡೀ ಕುಟುಂಬಕ್ಕೆ. ಸುಮ್ಮನೆ ಕಿಟಕಿಯ ಕಡೆ ನೋಡುತ್ತಿರುವವರ ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು.

ಆ ದಿನ ಆ ಮನೆಯೊಡತಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ: "ಈ ಮನೆಯಲ್ಲಿ ಅತ್ತೆಯವರಿಗೆ ಯಾವ ಜಾಗ ಹೆಚ್ಚು ಇಷ್ಟ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದನ್ನು ನಾನು ಕೇಳಲೇ ಇಲ್ಲ ಫಾದರ್" ಎಂದರು. ಎದ್ದು ಒಳಗೆ ಹೋಗಿ ಕೇಳಿ ಬಂದರು. ಹಿಂಬಾಗಿಲ ಮೆಟ್ಟಿಲಂತೆ. ಅಲ್ಲಿ ಕುಳಿತರೆ ಬಾವಿಕಟ್ಟೆ, ಬಸಳೆ ಚಪ್ಪರ, ನೆರೆಮನೆಯವರು ಕಾಣುತ್ತಾರೆ. ಆದರೆ ಹಿಡಿದು ಕೂರಲು ಅಲ್ಲಿ ಏನೂ ಇಲ್ಲ. ಕಳೆದ ವಾರ ಆ ದಾರಿಯಾಗಿ ಹೋದಾಗ ನೋಡಿದೆ. ಮೆಟ್ಟಿಲ ಬದಿಗೆ ಒಂದು ಉಕ್ಕಿನ ಸರಳು, ಗೋಡೆಗೊರಗಿ ಸಣ್ಣದೊಂದು ಮರದ ಪೀಠ, ಅದರ ಮೇಲೆ ಅಜ್ಜಿ ಕುಳಿತು ಬಸಳೆ ಸೋಸುತ್ತಿದ್ದರು. ಮನೆಯೊಡತಿ ಇನ್ನೂ ಬ್ಯಾಂಕಿಗೆ ಹೋಗುತ್ತಿದ್ದಾರೆ, ಶನಿವಾರ-ಭಾನುವಾರ ತರಗತಿಗೂ ಹೋಗುತ್ತಿದ್ದಾರೆ. ಅವರ ಮೊದಲ ಒಳ್ಳೆಯ ವಿನ್ಯಾಸ ಆ ಟಿ.ವಿ. ಗೋಡೆಯಲ್ಲ, ಈ ಪೀಠ ಎಂದು ನನಗನ್ನಿಸಿತು.